ಎಣ್ಣೆಕಡ್ಡಿ ಮತ್ತು ಪೈಜಾಮಾದ ಲಾಡಿ

ನಮ್ಮ ಮನೆಯಲ್ಲಿ ಪೈಜಾಮಾಕ್ಕೆ ಲಾಡಿ ಪೋಣಿಸಲು ಒಂದು ಉಕ್ಕಿನ ಪಟ್ಟಿಯಿದೆ. ಉದ್ದ ಮೂರು ಇಂಚು, ಅಗಲ ಹುಣಸೆಬೀಜಕ್ಕಿಂತ ಕಡಿಮೆ. ಒಂದು ತುದಿ ನುಣುಪು, ಇನ್ನೊಂದು ತುದಿ ಮುರಿದು ಒರಟಾಗಿದೆ. ನಡುವೆ ಒಂದಿಂಚು ಅಂತರದಲ್ಲಿ ಎರಡು ಸಣ್ಣ ತೂತು. ತೂತಿನಲ್ಲಿ ಲಾಡಿ ಕಟ್ಟಿ, ನುಣುಪು ತುದಿಯನ್ನು ನೇಫದೊಳಗೆ, ಅಂದರೆ ಸೊಂಟದ ಮಡಿಕೆಯೊಳಗೆ, ತೂರಿಸಿದರೆ ಎಂಥ ಹಠಮಾರಿ ಪೈಜಾಮಾ ಆದರೂ ಒಂದು ನಿಮಿಷದಲ್ಲಿ ಶರಣಾಗುತ್ತದೆ. ನೀವು ಸೇಫ್ಟಿ ಪಿನ್ನು ಬಳಸುವವರೆಂದು ಗೊತ್ತು. ಅದು ಸರಿಯಾಗಿ ಅರ್ಧದಾರಿಯಲ್ಲಿ ಬಾಯಿ ಬಿಟ್ಟುಕೊಂಡು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ, ನೆಂಟರು ಬಾಗಿಲಲ್ಲಿ ನಿಂತಿರುವಾಗ ನಿಮ್ಮನ್ನು ಟವೆಲಿನಲ್ಲಿ ನಿಲ್ಲಿಸಿದ್ದೂ ಗೊತ್ತು. ಟೂತ್‌ಬ್ರಶ್ಶಿನ ತಲೆ ಮುರಿದು ಬಳಸುವವರನ್ನೂ ಕಂಡಿದ್ದೇನೆ, ಅವರ ಬಗ್ಗೆ ಮಾತಾಡುವುದು ಬೇಡ.

ಮೊನ್ನೆ ಮಗಳು ಆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಪಪ್ಪಾ, ಇದು ಆಕ್ಚುಲಿ ಏನು ಚೀಜ್?” ಎಂದು ಕೇಳಿದಳು. ನಾಗಪುರದಲ್ಲಿ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಹಾಗೇ. ಕಾರಿನ ಭಾಗ ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನಾನೂ ನಕ್ಕು ಸುಮ್ಮನಾದೆ, ಯಾಕೆಂದರೆ ಪೂರ್ತಿ ಕಥೆ ಹೇಳಿದರೆ ಮನೆಯಲ್ಲಿ ನನಗೆ ಉಳಿದಿರುವ ಅಷ್ಟಿಷ್ಟು ಮರ್ಯಾದೆಯೂ ಹೋಗುತ್ತದೆ. ನಿಮ್ಮ ಹತ್ತಿರ ನನಗೆ ಹೇಗಿದ್ದರೂ ಮರ್ಯಾದೆ ಇಲ್ಲ, ಆದ್ದರಿಂದ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿದ್ದರು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು ನಾಗಪುರದಲ್ಲೇ ಬೇರು ಬಿಟ್ಟಿದ್ದರು. ಅವ್ವ ಹಿಂಗಣಾ ರಸ್ತೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಅದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, ಪ್ಲಾಸ್ಟಿಕ್ ಬಕೆಟ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಜರ್. ಬಕೆಟ್ಟಿಗೆ ಹಿಡಿಕೆ ಇದೆಯೇ ಇಲ್ಲವೇ ನೋಡುವುದು ನನ್ನ ಕೆಲಸ. ವಯಸ್ಸು ಇಪ್ಪತ್ತಾರು. ಬಕೆಟ್ಟಿನ ಹಿಡಿಕೆಯಷ್ಟೇ ಗಟ್ಟಿಯಾದ ಆತ್ಮವಿಶ್ವಾಸ.

ಕಾರು ಅವ್ವನದು. ಹೇಳಿಕೊಳ್ಳುವುದಕ್ಕೆ ಎರಡನೆಯ ಕೈ, ನಿಜಕ್ಕೂ ನಾಲ್ಕನೆಯದೋ ಐದನೆಯದೋ. ದುಂಡು ಬೆನ್ನು, ಒಡೆದ ಹಾಲಿನ ಬಣ್ಣ. ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ, ಇದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ. ಮೊದಲು ಡ್ರೈವಿಂಗ್ ಕಲಿಯಲು ಹೋದದ್ದು ಅಪ್ಪ. ನಾಲ್ಕನೆಯ ದಿನ ಒಂದು ಬೇವಿನ ಮರವನ್ನು ಗುದ್ದಿ, ಮರ ರಸ್ತೆಗೆ ಬಹಳ ಹತ್ತಿರ ಬೆಳೆದಿದೆ ಎಂದು ದೂರಿ, ಕಲಿಯುವುದನ್ನು ಬಿಟ್ಟರು. ಆಮೇಲೆ ನಲವತ್ತೇಳನೆಯ ವಯಸ್ಸಿನಲ್ಲಿ ಅವ್ವ ಹೋದಳು. ಊರಲ್ಲಿದ್ದಿದ್ದರೆ ಈ ಧೈರ್ಯ ಆಗುತ್ತಿರಲಿಲ್ಲವಂತೆ. ಅಲ್ಲಿ ಪ್ರತಿ ತಿರುವಿನಲ್ಲೂ ಒಬ್ಬ ಪರಿಚಯದವರು ನಿಂತಿರುತ್ತಾರೆ, ಇಲ್ಲಿ ಎಲ್ಲರೂ ಅಪರಿಚಿತರು, ಗುದ್ದಿದರೂ ನಾಚಿಕೆಯಿಲ್ಲ ಎಂದಳು. ಅವಳು ಯಾರಿಗೂ ಗುದ್ದಲಿಲ್ಲ. ಮೂವತ್ತರ ವೇಗ ದಾಟಲಿಲ್ಲ, ಪ್ರತಿ ತಿರುವಿಗೂ ಹಾರ್ನ್ ಹೊಡೆದಳು, ಎಮ್ಮೆಗಳಿಗೆ ಮೊದಲು ದಾರಿ ಬಿಟ್ಟಳು. ಪಕ್ಕದಲ್ಲಿ ಕೂತ ಅಪ್ಪ ಕಿಟಕಿಯಾಚೆ ಕೈ ಚಾಚಿ ಸಿಗ್ನಲ್ ತೋರಿಸುತ್ತಿದ್ದರು. ಕಾರು ತಿರುಗಿ ಮುಗಿದ ಮೇಲೆ.

ಸ್ಟೀರಿಂಗ್ ಹಿಡಿದಾಗ ಅವ್ವನ ಮುಖವೇ ಬೇರೆ. ಇಡೀ ದಿನ ಮಕ್ಕಳ, ಮುಖ್ಯೋಪಾಧ್ಯಾಯರ, ನಮ್ಮ ಮಾತು ಕೇಳಿಕೊಂಡಿರುವವಳಿಗೆ, ಬೆಳಿಗ್ಗೆ ಅರ್ಧ ಗಂಟೆ ಸಂಜೆ ಅರ್ಧ ಗಂಟೆ, ಹೇಳಿದಂತೆ ಕೇಳುವ ಒಂದು ವಸ್ತು ಸಿಕ್ಕಿತ್ತು. ನನ್ನನ್ನು ಕಾರ್ಖಾನೆಯ ಗೇಟಿಗೆ ಬಿಟ್ಟು, ತಿರುಗಿಸಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಈಗ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನಮ್ಮಲ್ಲಿ ಪಕ್ಕದ ಮನೆಯವರು ಡಬ್ಬಿಯಲ್ಲಿ ಚಕ್ಕುಲಿ ಕೊಟ್ಟರೆ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನಿಲ್ಲವೆಂದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನಾಗಪುರದ ಕನ್ನಡದವರು ಬೇರೆ ಏನನ್ನು ಮರೆತರೂ, ಮಕ್ಕಳಿಗೆ ಕನ್ನಡ ಓದಲು ಕಲಿಸುವುದನ್ನೇ ಮರೆತರೂ, ಇದನ್ನು ಮರೆತಿರಲಿಲ್ಲ. ನಮ್ಮ ಬಳಗದಲ್ಲಿ ಕಾರಿದ್ದದ್ದು ನಮ್ಮಲ್ಲೊಂದೇ, ಆದ್ದರಿಂದ ಶನಿವಾರ ಭಾನುವಾರ ಅದು ಮನೆಮನೆ ತಿರುಗುತ್ತಿತ್ತು. ಬ್ಯಾಂಕಿನ ಕುಲಕರ್ಣಿ ಕಾಕಾ, ಕೋರಾಡಿಯ ವಿದ್ಯುತ್ ಕಾಲೊನಿಯ ಪಾಟೀಲ ಕಾಕಾ, ರೈಲ್ವೆಯ ಶ್ರೀಕಂಠಯ್ಯನವರು, ಈ ಮೂವರು ಖಾಯಂ ಗಿರಾಕಿಗಳು. ಡಬ್ಬಿಯ ನಿಯಮವೇ ಕಾರಿಗೂ. ಖಾಲಿ ಹಿಂದಿರುಗಿಸಬಾರದು. ಪೆಟ್ರೋಲ್ ತುಂಬಿಸಿದರೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅರ್ಧ ಲೀಟರ್ ಎಂಜಿನ್ ಎಣ್ಣೆ ಸುರಿದು, ಬರಿದಾದ ಡಬ್ಬಿಯನ್ನು ಹಿಂದಿನ ಸೀಟಿನ ಮೇಲೆ ಎದ್ದು ಕಾಣುವಂತೆ ಇಡುವುದು ಅವರ ಮರ್ಯಾದೆಯಾಗಿತ್ತು.

ಸುರಿಯುವ ಮೊದಲು ಕಡ್ಡಿ ಎಳೆದು ನೋಡುತ್ತಿದ್ದರು ಅನ್ನಿ. ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ಎಷ್ಟಿದೆ ಎಂದು ತೋರಿಸುವ ಉದ್ದನೆಯ ಉಕ್ಕಿನ ಕಡ್ಡಿ ಅದು. ಎಣ್ಣೆ ಮೇಲಿನ ತೂತಿನವರೆಗೆ ಅಂಟಿದ್ದರೆ ಹೊಟ್ಟೆ ತುಂಬಿದೆ, ಕೆಳಗಿನ ತೂತಿಗೂ ತಾಗದಿದ್ದರೆ ಹಸಿದಿದೆ. ತುಂಬಿದೆ ಎಂದು ಕಡ್ಡಿ ಹೇಳಿದರೆ ಗಿರಾಕಿಗಳು ನಿರಾಶರಾಗಿ ಅರ್ಧ ಡಜನ್ ಸಂತ್ರಿ, ಅಂದರೆ ಕಿತ್ತಳೆ, ಇಟ್ಟು ಹೋಗುತ್ತಿದ್ದರು. ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿತ್ತು, ನಾನು ನಮ್ಮ ಬಚ್ಚಲ ಮೋರಿ ಸ್ವಚ್ಛ ಮಾಡುವವರೆಗೆ.

ಮೋರಿ ಕಟ್ಟಿತ್ತು. ಅವ್ವ ಎರಡು ದಿನದಿಂದ ಹೇಳುತ್ತಿದ್ದಳು. ತೆಳ್ಳಗೆ, ಉದ್ದಗೆ, ಬಾಗುವಂಥದ್ದು ಏನಾದರೂ ಬೇಕಿತ್ತು, ಮತ್ತು ಅಂಥದ್ದು ನನಗೆ ಕಂಡದ್ದು ಕಾರಿನ ಬಾನೆಟ್ಟಿನೊಳಗೆ. ಎಣ್ಣೆಕಡ್ಡಿಯಿಂದ ಮೋರಿ ತಿವಿದ ಮನುಷ್ಯ ಭೂಮಿಯ ಮೇಲೆ ನಾನೊಬ್ಬನೇ ಇರಬಹುದು. ಮೋರಿ ಬಿಚ್ಚಿಕೊಂಡಿತು, ನಿಜ. ಆದರೆ ಕಡ್ಡಿಯ ತುದಿಯ ಮೂರಿಂಚು ಒಳಗೇ ಮುರಿದು ಉಳಿಯಿತು. ಹಿಡಿ ಇದ್ದ ತುಂಡನ್ನು ಕಾಗದದಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದು, ಸೀದಾ ಭಂಗಾರ ಬಜಾರಿಗೆ, ಅಂದರೆ ಗುಜರಿ ಪೇಟೆಗೆ, ಹೋದೆ. ಹಳೇ ಬಿಡಿಭಾಗಗಳ ಗುಡ್ಡೆಯ ಮೇಲೆ ಕೂತಿದ್ದವನು ಒಂದು ಕಡ್ಡಿ ಎತ್ತಿ ಕೊಟ್ಟು, “ಸಬ್ ಗಾಡೀ ಮೇ ಚಲತಾ ಹೈ” ಎಂದ, ಎಲ್ಲ ಗಾಡಿಗೂ ಆಗುತ್ತದಂತೆ. ತಂದು ಸಿಕ್ಕಿಸಿದೆ. ಹಿಡಿ ಬರೋಬ್ಬರಿ ಕೂತಿತು. ಎಳೆದು ನೋಡಿದರೆ ಒಣ ಒಣ. ಹಿಂದಿನ ದಿನ ತಾನೇ ಎಣ್ಣೆ ಮೇಲಿನ ತೂತಿನವರೆಗೆ ಇದ್ದದ್ದನ್ನು ನೋಡಿದ್ದೆ. ಹೊಸ ಕಡ್ಡಿ ಗಿಡ್ಡ ಎಂಬುದು ಬಕೆಟ್ಟಿನ ಸೂಪರ್‌ವೈಜರನಿಗೂ ತಿಳಿಯುವ ವಿಷಯ. ತಿಳಿಯಿತು. ಆದರೆ ಬಾನೆಟ್ ಮುಚ್ಚಿ ಸ್ನಾನಕ್ಕೆ ಹೋದೆ. ಮೋರಿಯಲ್ಲಿ ನೀರು ಸರಾಗವಾಗಿ ಹೋಗುತ್ತಿತ್ತು, ಆ ಸಂತೋಷವೇ ಸಾಕಾಯಿತು.

ಮುಂದಿನದನ್ನು ನೀವೇ ಊಹಿಸಬಹುದು. ಶನಿವಾರ ಕುಲಕರ್ಣಿ ಕಾಕಾ ಕಾರು ಒಯ್ದರು, ಕಡ್ಡಿ ನೋಡಿದರು, ಒಣಗಿತ್ತು, ಹಿಗ್ಗಿ ಅರ್ಧ ಲೀಟರ್ ಸುರಿದರು. ಮುಂದಿನ ವಾರ ಪಾಟೀಲ ಕಾಕಾ. ಆಮೇಲೆ ಶ್ರೀಕಂಠಯ್ಯನವರು. ಯಾರಿಗೂ ಸಂತ್ರಿ ತರುವ ತಾಪತ್ರಯವೇ ಉಳಿಯಲಿಲ್ಲ. ಎರಡು ತಿಂಗಳಲ್ಲಿ ಕಾರು ನೀಲಿ ಹೊಗೆ ಬಿಡತೊಡಗಿತು. ಎಂಜಿನ್ ಒಳಗಿನಿಂದ ಯಾರೋ ಚಮಚೆಯಲ್ಲಿ ತಟ್ಟೆ ಬಡಿದಂಥ ಸದ್ದು. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ, ಎಣ್ಣೆ ಸರಿಯಾಗಿ ಹರಿಯುತ್ತಿಲ್ಲ ಎಂದು ಎಚ್ಚರಿಸುವ ಕೆಂಪು ದೀಪ ಮಿಣುಕಿತು. ಅವ್ವ ಗಾಬರಿಯಾಗಿ ಕಾರು ನಿಲ್ಲಿಸಿದಳು. ಅಪ್ಪ ಇಳಿದು ಕಡ್ಡಿ ನೋಡಿದರು. ಒಣಗಿತ್ತು. ಅವರೂ ಅರ್ಧ ಲೀಟರ್ ಸುರಿದರು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ತಜ್ಞರ ಸಭೆ ಸೇರಿತು. ಅವ್ವ ತರ್ರಿ ಪೋಹೆ, ಅಂದರೆ ಖಾರದ ರಸ ಸುರಿದ ಅವಲಕ್ಕಿ, ಮಾಡಿದ್ದಳು. ಖಾರದ ತರ್ರಿ ಹೀರುತ್ತ ಮೂಗಿನಲ್ಲಿ ನೀರು ಸುರಿಸಿಕೊಂಡು ಮೂವರೂ ರೋಗನಿದಾನಕ್ಕೆ ತೊಡಗಿದರು. ಪಾಟೀಲ ಕಾಕಾ ಬಾಯ್ಲರ್ ವಿಭಾಗದವರು, ಅವರಿಗೆ ಜಗತ್ತಿನ ಪ್ರತಿ ಕಾಯಿಲೆಯೂ ಪಂಪಿನದೇ. “ಆಯಿಲ್ ಪಂಪು ಹೋಗೇತಿ. ಸರ್ಕ್ಯುಲೇಶನ್ ಪ್ರಾಬ್ಲೆಮ್” ಎಂದರು. ಶ್ರೀಕಂಠಯ್ಯನವರು ಮೈಸೂರಿನ ಮೆಲುದನಿಯಲ್ಲಿ, “ಪಂಪಲ್ಲ ಸ್ವಾಮಿ, ಬೇರಿಂಗ್ ಸವೆದಿದೆ. ಎಣ್ಣೆ ಎಲ್ಲಾ ಸಂದಿನಲ್ಲೇ ಸೋರ್ಕೊಂಡು ಹೋಗ್ತಿದೆ” ಎಂದರು. ಕುಲಕರ್ಣಿ ಕಾಕಾರಿಗೆ ಬ್ಯಾಂಕಿನಲ್ಲಿ ಯಂತ್ರವೆಂದರೆ ಫ್ಯಾನ್ ಮಾತ್ರ ಗೊತ್ತು, ಆದ್ದರಿಂದ ಅವರು ಮನುಷ್ಯರ ಕಡೆ, ಅಂದರೆ ತಾವು ವೈನಿ ಎಂದು ಕರೆಯುವ ಅವ್ವನ ಕಡೆ, ತಿರುಗಿದರು.

“ನಾ ಹೇಳ್ತೀನಿ ಕೇಳ್ರಿ. ವೈನಿ ಯಾವಾಗ್ಲೂ ಕ್ಲಚ್ ಮ್ಯಾಲ ಕಾಲ ಇಟ್ಟಿರ್ತಾರ. ಮೂರನೇ ಗೇರ್ ಮ್ಯಾಲ ಹೋಗೂದಿಲ್ಲ. ಹಿಂಗ ಹೊಡದ್ರ ಯಾವ ಇಂಜಿನ್ ಉಳೀತದ?”

ಕ್ಲಚ್ಚಿಗೂ ಎಣ್ಣೆಗೂ ಇರುವ ಸಂಬಂಧ, ನನಗೂ ನೃತ್ಯಕ್ಕೂ ಇರುವಷ್ಟೇ. ಆದರೆ ಕೋಣೆಯಲ್ಲಿದ್ದ ಎಲ್ಲ ಗಂಡಸರ ತಲೆಗಳೂ ಒಟ್ಟಿಗೆ ಆಡಿದವು. ಪಂಪಿನ ಪಕ್ಷ, ಬೇರಿಂಗ್ ಪಕ್ಷ ಎರಡೂ ಅಲ್ಲಿ ಒಂದಾದವು. ಅಪ್ಪ ಕೂಡ, “ನಾನೂ ಹೇಳೇನಿ ಆಕಿಗೆ” ಎಂದರು, ಬೇವಿನ ಮರವನ್ನು ಮರೆತು. ಎಂಜಿನ್ ಬಿಚ್ಚಿಸುವುದು ವ್ಯರ್ಥ, ಸಾವನೇರ್ ಕಡೆಯ ಒಬ್ಬ ಭಂಗಾರದವನಿದ್ದಾನೆ, ಕೊಟ್ಟುಬಿಡುವುದೇ ಲೇಸು ಎಂದು ತೀರ್ಮಾನವಾಯಿತು. ಅವನು ಸದ್ಯ ಊರಲ್ಲಿರಲಿಲ್ಲ, ಮೂರು ವಾರ ಬಿಟ್ಟು ಬರುತ್ತಾನಂತೆ.

ನಾನು ಮೂಲೆಯಲ್ಲಿ ಕೂತು ಪೋಹೆ ತಿನ್ನುತ್ತಿದ್ದೆ. ಬಾಯಿ ತುಂಬಿತ್ತು ಎಂದು ಈಗ ಸಬೂಬು ಹೇಳಬಹುದು. ನುಂಗಲು ಬೇಕಾದಷ್ಟು ಸಮಯವಿತ್ತು. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಚಹಾ ಬೇಕೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ತಲೆಯಾಡಿಸಿದೆ. ಅವಳು ಕಾರಿನ ಕೀಲಿಯನ್ನು ಟಿವಿಯ ಮೇಲಿಟ್ಟು ಒಳಗೆ ಹೋದಳು.

ಮರುದಿನದಿಂದ ಅವ್ವ, ನಾನು ಇಬ್ಬರೂ ಹಿಂಗಣಾ ಬಸ್ಸಿಗೆ. ಆ ಬಸ್ಸಿನ ವರ್ಣನೆ ಮಾಡುವುದಿಲ್ಲ, ಮೇ ತಿಂಗಳ ನಾಗಪುರದಲ್ಲಿ ಎಂಬತ್ತು ಜನ ಒಬ್ಬರ ಬೆವರನ್ನು ಇನ್ನೊಬ್ಬರು ಹಂಚಿಕೊಳ್ಳುವ ವ್ಯವಸ್ಥೆ ಎಂದರೆ ಸಾಕು. ಶಾಲೆಗೆ ರಜೆ ಬಂದರೂ ಹತ್ತನೆಯ ತರಗತಿಯ ವಿಶೇಷ ಪಾಠಕ್ಕೆಂದು ಅವ್ವ ದಿನಾ ಹೋಗಬೇಕಿತ್ತು. ಸೀಟು ಸಿಗುತ್ತಿರಲಿಲ್ಲ. ಉತ್ತರಪತ್ರಿಕೆಗಳ ಚೀಲ ಹೆಗಲಿಗೆ ಹಾಕಿ, ಮೇಲಿನ ಸರಳು ಹಿಡಿದು ನಿಲ್ಲುತ್ತಿದ್ದಳು. ನಾನು ಜನರ ಮರೆಯಲ್ಲಿ ಹಿಂದುಗಡೆ ನಿಲ್ಲುತ್ತಿದ್ದೆ.

ಮೂರನೆಯ ವಾರ, ಒಂದು ಬೆಳಿಗ್ಗೆ ಜನ ಸ್ವಲ್ಪ ಕಡಿಮೆಯಿದ್ದರು, ಅವಳ ಕಾಲು ಕಾಣಿಸಿತು. ಡ್ರೈವರ್ ಗೇರ್ ಬದಲಿಸುವಾಗಲೆಲ್ಲ ಅವ್ವನ ಎಡಗಾಲು ಚಪ್ಪಲಿಯೊಳಗೆ ಮೆಲ್ಲಗೆ ಒತ್ತುತ್ತಿತ್ತು, ಆಮೇಲೆ ಸಡಿಲಾಗುತ್ತಿತ್ತು. ತಿರುವು ಬಂದಾಗ ಅವಳ ಹೆಬ್ಬೆರಳು ಸರಳಿನ ಮೇಲೆ ಹಾರ್ನ್ ಒತ್ತುತ್ತಿತ್ತು. ತಾನು ಹೀಗೆ ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಕ್ಕಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಹೋಗಿ ನಿಜ ಹೇಳುವಷ್ಟಲ್ಲ, ಮಿಸ್ತ್ರಿಯನ್ನು ಕರೆದುಕೊಂಡು ಬರುವಷ್ಟು.

ವಾಮನರಾವ್ ಮಿಸ್ತ್ರಿ ನಮ್ಮ ಓಣಿಯ ತುದಿಯಲ್ಲೇ ಗ್ಯಾರೇಜ್ ಇಟ್ಟಿದ್ದ. ಅವನನ್ನು ಮೊದಲೇ ಯಾಕೆ ಕೇಳಲಿಲ್ಲ ಎನ್ನುತ್ತೀರಿ. ಮನೆಯಲ್ಲಿ ಮೂವರು ತಜ್ಞರಿರುವಾಗ ಕೆಲಸ ಗೊತ್ತಿದ್ದವನನ್ನು ಯಾರಾದರೂ ಕೇಳುತ್ತಾರೆಯೇ? ವಾಮನರಾವ್ ಸದಾ ಖರ್ರಾ ಜಗಿಯುವವನು. ಅಡಿಕೆ, ತಂಬಾಕು, ಸುಣ್ಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಮಾಡುವ ಈ ಪದಾರ್ಥ ಬಾಯಲ್ಲಿದ್ದಾಗ ನಾಗಪುರದ ಮನುಷ್ಯ ಮಾತಾಡುವುದಿಲ್ಲ, ಬರೇ ಹೂಂಕರಿಸುತ್ತಾನೆ. ಹೀಗಾಗಿ ಅವನು ಕಾಯಿಲೆ ಪತ್ತೆ ಮಾಡುವುದೆಲ್ಲ ಮೌನದಲ್ಲೇ. ಭಂಗಾರದವನು ಬರಬೇಕಿದ್ದ ಭಾನುವಾರ, ಆ ಆಸಾಮಿ ಬರುವ ಮೊದಲೇ ವಾಮನರಾವನನ್ನು ಕರೆತಂದೆ. ಅಂತ್ಯಸಂಸ್ಕಾರಕ್ಕೆಂದು ಮೂವರೂ ಕಾಕಾಗಳು ಬಂದಿದ್ದರು.

ವಾಮನರಾವ್ ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿದು, ಹಿಡಿಯನ್ನು ಕಿವಿಗಿಟ್ಟು ಕೇಳಿದ. ಹೂಂ ಎಂದ. ಬಂದ್ ಮಾಡಿಸಿದ. ಕಡ್ಡಿ ಎಳೆದು ನೋಡಿದ, ಒಣ ತುದಿಯನ್ನು ಮೂಗಿಗೆ ಹಿಡಿದ, ಮತ್ತೆ ಹೂಂ ಎಂದ. ಎಣ್ಣೆ ಸುರಿಯುವ ಮುಚ್ಚಳ ತೆಗೆದು ಒಳಗೆ ಇಣುಕಿದವನು ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಆಮೇಲೆ ಹಾಲು ಅಳೆಯುವ ಲೀಟರಿನ ಮಾಪನ್ನು ತರಿಸಿ, ಕಾರಿನಡಿ ಮಲಗಿ ಬೂಚು ಬಿಚ್ಚಿದ. ಅವ್ವ ಪಕ್ಕದಲ್ಲಿ ನಿಂತು ಎಣಿಸತೊಡಗಿದಳು. ನಾಲ್ಕು ಲೀಟರ್ ಹಿಡಿಯುವ ಎಂಜಿನ್ನಿನಿಂದ ನಾಲ್ಕು ಲೀಟರ್ ಬಂತು. ಐದು ಬಂತು. ಆರು. ಎಣ್ಣೆಯ ತುಂಬ ಕಂದು ನೊರೆ. ಏಳೂವರೆಗೆ ನಿಂತಿತು.

ವಾಮನರಾವ್ ಎದ್ದು ಗಟಾರದ ಹತ್ತಿರ ಹೋಗಿ ಬಾಯಿ ಖಾಲಿ ಮಾಡಿ ಬಂದ. ಆಗಲೇ ಗೊತ್ತಾಯಿತು, ವಿಷಯ ಗಂಭೀರವಾದದ್ದು.

“ಕಿತನಾ ತೇಲ್ ಡಾಲೇ ರೇ ಬಾಪ್ಪಾ ತುಮ್ ಲೋಗ್? ಇಂಜನ್ ಮೇ ಲಸ್ಸೀ ಬನಾ ರಹೇ ಥೇ ಕ್ಯಾ?” ಎಂದ, ಎಷ್ಟು ಎಣ್ಣೆ ಸುರಿದಿರಿ, ಎಂಜಿನ್ನಿನಲ್ಲಿ ಲಸ್ಸಿ ಕಡೆಯುತ್ತಿದ್ದಿರಾ ಎಂದು. ಎಣ್ಣೆ ಕಡಿಮೆಯಾಗಿ ದೀಪ ಉರಿದದ್ದಲ್ಲ, ಹೆಚ್ಚಾಗಿ ಉರಿದದ್ದು. ಒಳಗೆ ತಿರುಗುವ ದಂಡ ಎಣ್ಣೆಯಲ್ಲಿ ಮುಳುಗಿ ಅದನ್ನು ಕಡೆದೂ ಕಡೆದೂ ನೊರೆ ಎಬ್ಬಿಸಿದೆ. ಪಂಪು ಎಣ್ಣೆಯನ್ನು ಎಳೆಯುತ್ತದೆ, ನೊರೆಯನ್ನಲ್ಲ. ದೀಪ ಉರಿದಂತೆಲ್ಲ ನೀವು ಸುರಿದಿರಿ, ಸುರಿದಂತೆಲ್ಲ ನೊರೆ ಎದ್ದಿತು ಎಂದು ತನ್ನ ಹಿಂದಿಯಲ್ಲಿ ವಿವರಿಸಿದ. ಕುಲಕರ್ಣಿ ಕಾಕಾ ಕೆಮ್ಮಿ, ವೈನಿಯವರ ಕ್ಲಚ್ಚಿನ ವಿಷಯ ತೆಗೆದರು. ವಾಮನರಾವ್ ಅವರನ್ನು ಮೇಲಿಂದ ಕೆಳಗೆ ನೋಡಿದ.

“ಬಾಯಿ ಧೀರೇ ಚಲಾತೀ ಹೈ, ಇಸಲಿಯೇ ಇಂಜನ್ ಬಚಾ ಸಾಬ್. ಆಪ್ ಲೋಗ್ ರೋಜ್ ಚಲಾತೇ ತೋ ಕಬ್ ಕಾ ಗಯಾ ಥಾ.” ಬಾಯಿ ಎಂದರೆ ಅವ್ವ, ಅವಳು ನಿಧಾನ ಓಡಿಸಿದ್ದಕ್ಕೇ ಎಂಜಿನ್ ಉಳಿಯಿತು, ನೀವು ದಿನಾ ಓಡಿಸಿದ್ದರೆ ಎಂದೋ ಹೋಗುತ್ತಿತ್ತು ಎಂದು ಅದರ ಅರ್ಥ.

ಆಮೇಲೆ ಅವನು ಕಡ್ಡಿಯ ಕೊಳವೆಯೊಳಗೆ ಒಂದು ನೇರ ತಂತಿ ಇಳಿಬಿಟ್ಟು ಆಳ ನೋಡಿ, ನನ್ನ ಭಂಗಾರದ ಕಡ್ಡಿಯನ್ನು ಅದರ ಪಕ್ಕದಲ್ಲಿ ಹಿಡಿದ. ಅರ್ಧ ಗೇಣು ಗಿಡ್ಡ. “ಯೇ ಕಾಡೀ ಇಸ ಗಾಡೀ ಕೀ ನಹೀ. ಕೌನ್ ಲಾಯಾ?” ಎಂದ, ಈ ಗಾಡಿಯದಲ್ಲದ ಕಡ್ಡಿಯನ್ನು ತಂದವರು ಯಾರು ಎಂದು.

ನಾನೇ ತಂದದ್ದೆಂದು ಹೇಳಿದೆ. ಮೋರಿಯಿಂದ ಹಿಡಿದು ಎಲ್ಲವನ್ನೂ, ಕನ್ನಡದಲ್ಲಿ ಒಮ್ಮೆ, ಮಿಸ್ತ್ರಿಗಾಗಿ ಹಿಂದಿಯಲ್ಲಿ ಒಮ್ಮೆ. ಎರಡನೆಯ ಸಲ ಇನ್ನೂ ಅಸಹ್ಯವಾಗಿ ಕೇಳಿಸಿತು. ಕಾಕಾಗಳಿಗೆ ಮಾತ್ರ ದೊಡ್ಡ ಭಾರ ಇಳಿದಂತಾಯಿತು. “ಆಗ್ತದ ಬಿಡೋ, ಸಣ್ಣ ಮಾತು” ಎಂದು ಕುಲಕರ್ಣಿ ಕಾಕಾ ಬೆನ್ನು ತಟ್ಟಿದರು. “ಸರ್ಕ್ಯುಲೇಶನ್ ಪ್ರಾಬ್ಲೆಮ್ ಅಂತ ನಾ ಅವತ್ತ ಹೇಳಿದ್ದೆ” ಎಂದರು ಪಾಟೀಲ ಕಾಕಾ. ಅವ್ವನಿಗೆ ಯಾರೂ ಏನೂ ಹೇಳಲಿಲ್ಲ. ಅವಳು ಒಳಗೆ ಹೋಗಿ ಟಿವಿಯ ಮೇಲಿದ್ದ ಕೀಲಿ ತೆಗೆದುಕೊಂಡು ಬಂದಳು.

“ಹದಿನೆಂಟು ದಿನ ಬಸ್ಸಿನ್ಯಾಗ ನಿಂತೀನಿ” ಎಂದಳು ನನಗೆ. “ಇನ್ನ ಹದಿನೆಂಟು ದಿನ ನೀ ನಿಲ್ಲು. ನಾ ಕಾರಿನ್ಯಾಗ ಹೋಗ್ತೀನಿ.” ಆಮೇಲೆ ಕಾಕಾಗಳ ಕಡೆ ತಿರುಗಿ, “ನೀವು ಇನ್ನ ಮ್ಯಾಲ ಕಾರ್ ಒಯ್ದ್ರ ಖಾಲಿ ತಂದುಕೊಡ್ರಿ” ಎಂದಳು.

ಗಣಿತದವಳು, ಒಂದು ದಿನವನ್ನೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಹಿಂಗಣಾ ನಾಕಾದ ಹತ್ತಿರ ನನ್ನ ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಾಗ, ಒಡೆದ ಹಾಲಿನ ಬಣ್ಣದ ಕಾರು ಹೊಗೆಯಿಲ್ಲದೆ, ಸದ್ದಿಲ್ಲದೆ, ಮೂವತ್ತರ ವೇಗದಲ್ಲಿ ಅದನ್ನು ದಾಟುತ್ತಿತ್ತು. ದಾಟುವಾಗ ಎರಡು ಸಲ ಹಾರ್ನ್. ನಾಲ್ಕೇ ದಿನಕ್ಕೆ ಕಂಡಕ್ಟರನಿಗೂ ವಿಷಯ ತಿಳಿದು, “ಸಾಹೇಬ, ತುಮಚೀ ಆಯೀ ಗೇಲೀ” ಎಂದು ನಿಮ್ಮಮ್ಮ ಹೋದರು ನೋಡಿ ಎಂಬುದನ್ನು ಇಡೀ ಬಸ್ಸಿಗೆ ಕೇಳುವಂತೆ ಸಾರತೊಡಗಿದ. ಜನ ಕಿಟಕಿಯಿಂದ ಕೈಬೀಸುತ್ತಿದ್ದರು. ಅವ್ವನೂ ಬೀಸುತ್ತಿದ್ದಳು.

ಹತ್ತೊಂಬತ್ತನೆಯ ದಿನ ಬಸ್‌ಸ್ಟಾಪಿನಲ್ಲಿ ಕಾರು ನನ್ನ ಮುಂದೆ ಬಂದು ನಿಂತಿತು. ಎಡಗಡೆ ಬಾಗಿಲು ತೆರೆಯಿತು. ಹತ್ತಲು ಬಗ್ಗಿದೆ. ಅವ್ವ ಪರ್ಸಿನಿಂದ ಏನೋ ತೆಗೆದು ಅಂಗೈಯಲ್ಲಿ ಚಾಚಿದಳು. ಮೂರಿಂಚು ಉಕ್ಕಿನ ಪಟ್ಟಿ, ಎರಡು ತೂತು.

“ಮೋರ್ಯಾಗ ಸಿಕ್ಕಿತ್ತು, ನೀ ಮುರಿದ ಎರಡು ದಿನಕ್ಕ. ಅವತ್ತಿನಿಂದ ನಿನ್ನ ಪೈಜಾಮಾದ ಲಾಡಿ ಇದರಾಗ ಪೋಣಿಸಾಕತ್ತೀನಿ. ನಿನ್ನ ಎದುರಿಗೇ ಕುಂತು.”

ನನಗೆ ನೆನಪಾಯಿತು. ಎಷ್ಟೋ ಸಂಜೆ ಎದುರಿಗೆ ಕೂತು, ಬೆಳಕಿಗೆ ಹಿಡಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ಆಡಿಸಿದ್ದಳು. ನಾನು ಟಿವಿ ನೋಡುತ್ತಿದ್ದೆ.

“ಮತ್ತ ಅವತ್ತ ಎಲ್ಲಾರೂ ನಿನ್ನ ಮ್ಯಾಲ ಹಾಕಿದಾಗ ಯಾಕ ಸುಮ್ಮನ ಇದ್ದಿ ಅವ್ವಾ?”

“ಕಡ್ಡಿ ಮುರಿದದ್ದು ನನಗ ಗೊತ್ತಿತ್ತು. ಹೊಸಾದು ಗಿಡ್ಡ ಐತಿ ಅಂತ ನಿನಗ ಒಬ್ಬಂಗ ಗೊತ್ತಿತ್ತು. ನೀ ಹೇಳ್ತಿ ಅಂತ ನಿನ್ನ ಮಾರಿ ನೋಡಿದೆ. ನೀ ಚಹಾ ಬೇಕು ಅಂದಿ.”

ಹಿಂದೆ ಬಸ್ಸು ಬಂದು ಹಾರ್ನ್ ಹೊಡೆಯತೊಡಗಿತ್ತು. ನಾನು ತಲೆ ತಗ್ಗಿಸಿ ಸೀಟಿನ ಮೇಲೆ ಕೈಯೂರಿದೆ.

“ಕೂಡೂಕಿಂತ ಮೊದಲ ಎಣ್ಣಿ ನೋಡು” ಎಂದಳು.

ಇಡೀ ಬಸ್ಸು ನೋಡುತ್ತಿರಲು ಬಾನೆಟ್ ಎತ್ತಿದೆ. ವಾಮನರಾವ್ ಹಾಕಿಕೊಟ್ಟಿದ್ದ ಸರಿಯಾದ ಕಡ್ಡಿಯನ್ನು ಎಳೆದು, ಅಂಗಿಯ ತುದಿಗೆ ಒರೆಸಿ, ಇಳಿಬಿಟ್ಟು ತೆಗೆದೆ. ಎಣ್ಣೆ ಮೇಲಿನ ತೂತಿಗೆ ಸರಿಯಾಗಿ ನಿಂತಿತ್ತು.

“ಬರೋಬರ್ ಐತಿ ಅವ್ವಾ” ಎಂದೆ.

“ಖರೇನ?” ಎಂದಳು.

ನಾನು ಕಡ್ಡಿಯನ್ನು ಒರೆಸಿ, ಇನ್ನೊಮ್ಮೆ ಇಳಿಬಿಟ್ಟು ತೆಗೆದು, ಅವಳ ಕಿಟಕಿಯ ಹತ್ತಿರ ಒಯ್ದು ತೋರಿಸಿದೆ.